ಸಾಲಿನಿಂದ ಒಬ್ಬಳು ಹೊರಬಂದಾಗ ಯಾರನ್ನು ನೋಡಬೇಕು?

ಪ್ರಶ್ನೆ: ನಮಸ್ಕಾರ ಅಕ್ಕಾರ. ನಮ್ಮದು ಜಮಖಂಡಿ, ಕಿರಾಣಿ ಅಂಗಡಿ ಇದೆ. ಡಾನ್ಸಿನ ಬಗ್ಗೆ ನನಗೇನೂ ಗೊತ್ತಿಲ್ಲ. ಬಿ.ಎ. ಓದುವ ಮಗಳು ಹಟ ಹಿಡಿದಳೆಂದು ಬೆಳಗಾವಿಯ ಕುಮಾರ ಗಂಧರ್ವ ರಂಗಮಂದಿರಕ್ಕೆ ಒಂದು ಕಂಟೆಂಪರರಿ ಡಾನ್ಸ್ ನೋಡಲು ಕರೆದುಕೊಂಡು ಹೋಗಿದ್ದೆ. ಎಂಟು ಮಂದಿ, ಎಲ್ಲರಿಗೂ ಒಂದೇ ಬೂದು ಅಂಗಿ, ಬೂದು ಪ್ಯಾಂಟು. ಹಾಡಿಲ್ಲ, ಕಥೆಯಿಲ್ಲ. ಬಹಳ ಹೊತ್ತು ಸುಮ್ಮನೆ ಸಾಲಾಗಿ ನಡೆದರು. ಒಬ್ಬ ಹುಡುಗಿ ಸಾಲು ಬಿಟ್ಟು ಹೊರಗೆ ಬಂದು ತನ್ನಷ್ಟಕ್ಕೆ ಕುಣಿದಳು, ಬಿದ್ದಳು, ಮತ್ತೆ ಸಾಲಿಗೆ ಸೇರಿಕೊಂಡಳು. ಹೀಗೆ ಮೂರು ಸಲ. ಅವಳು ಬಿಟ್ಟುಹೋದ ಜಾಗ ಖಾಲಿ ಇಟ್ಟುಕೊಂಡೇ ಉಳಿದವರು ನಡೆಯುತ್ತಿದ್ದರು. ಕೊನೆಯ ಸಲ ಅವಳು ತಿರುಗಿ ಬರುವಷ್ಟರಲ್ಲಿ ಆ ಜಾಗ ಮುಚ್ಚಿಹೋಗಿತ್ತು. ಅವಳು ಬಿದ್ದಾಗ ಸುಮ್ಮನೆ ಕೂತಿದ್ದ ನನ್ನ ಮಗಳು ಇಲ್ಲಿ ಅತ್ತುಬಿಟ್ಟಳು. ಪಕ್ಕದ ಸೀಟಿನ ಹಿರಿಯರು, ‘ಇದೇನ್ ಡಾನ್ಸ್ ರೀ, ಸಾಲ್ಯಾಗ ಪಿ.ಟಿ. ಮಾಡಸ್ತಾರಲ್ಲ, ಹಂಗ ಐತಿ’ ಅಂದರು. ಖರೇ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತು. ಗುಂಪು ಅಂದರೆ ಸಮಾಜ, ಆ ಹುಡುಗಿ ಅಂದರೆ ಅದಕ್ಕೆ ಎದುರು ನಿಂತವಳು, ಇಷ್ಟೇ ಅಲ್ಲವೇ ಅರ್ಥ? ಹಾಡು, ಬಣ್ಣದ ಬಟ್ಟೆ ಯಾಕಿಲ್ಲ? ಈಗ ಮಗಳು ಗೆಳತಿಯರನ್ನು ಕೂಡಿಸಿಕೊಂಡು ಕಾಲೇಜಿನ ಗ್ಯಾದರಿಂಗಿಗೆ ಇಂಥದ್ದೇ ಮಾಡುತ್ತೇನೆ ಅನ್ನುತ್ತಾಳೆ. ಹೂಂ ಅನ್ನಲೋ, ಬ್ಯಾಡ ಅನ್ನಲೋ? ಮಾಡುವುದಾದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಆ ಹಿರಿಯರ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದರಲ್ಲಿ ಹುರುಳಿದೆ. ಹತ್ತು ಮಂದಿ ಒಂದೇ ಕ್ಷಣಕ್ಕೆ ಒಂದೇ ಕೈ ಎತ್ತಿದರೆ ನೋಡುವವರ ಮೈ ಜುಮ್ಮೆನ್ನುತ್ತದೆ. ಶಾಲೆಯ ಮೈದಾನದಲ್ಲಾಗಲಿ, ಸ್ವಾತಂತ್ರ್ಯ ದಿನದ ಪರೇಡಿನಲ್ಲಾಗಲಿ, ರಂಗದ ಮೇಲಾಗಲಿ, ಆ ಶಕ್ತಿ ಒಂದೇ. ಬೇರೆಯಾಗುವುದು ಅಪ್ಪಣೆ ಎಲ್ಲಿಂದ ಬರುತ್ತದೆ ಅನ್ನುವಲ್ಲಿ. ಪಿ.ಟಿ. ಮಾಸ್ತರರ ವಿಸಲ್ ಗುಂಪಿನ ಹೊರಗಿದೆ. ಎಲ್ಲರ ಕಿವಿಯೂ ಆ ಕಡೆಗೆ, ಪಕ್ಕದವನು ಏನು ಮಾಡುತ್ತಾನೆಂದು ಯಾರೂ ನೋಡಬೇಕಾಗಿಲ್ಲ. ನೀವು ನೋಡಿದ ಎಂಟು ಮಂದಿಗೆ ವಿಸಲ್ ಇಲ್ಲ, ತಾಳವಿಲ್ಲ, ಎಣಿಕೆ ಹೇಳುವವರೂ ಇಲ್ಲ. ಹಾಗಿದ್ದೂ ಒಟ್ಟಿಗೆ ನಿಂತರು, ಒಟ್ಟಿಗೆ ತಿರುಗಿದರು. ಹೇಗೆ?

ಉಸಿರಿನಿಂದ. ಹೆಜ್ಜೆ ಕೀಳುವ ಮುಂಚೆ ಮನುಷ್ಯ ಉಸಿರು ಎಳೆದುಕೊಳ್ಳುತ್ತಾನೆ, ಪಕ್ಕೆಲುಬು ಸ್ವಲ್ಪ ಅರಳುತ್ತದೆ, ಭುಜ ಕೂದಲೆಳೆಯಷ್ಟು ಮೇಲೇಳುತ್ತದೆ. ಪಕ್ಕದಲ್ಲಿ ನಿಂತವರಿಗೆ ಅದು ಕಣ್ಣಂಚಿನಲ್ಲಿ ಕಾಣುತ್ತದೆ. ಸಾಲಿನ ಮುಂದಿರುವವರಿಗೆ ಹಿಂದಿನವರು ಕಾಣುವುದಿಲ್ಲ. ಅವರು ನೆಲಕ್ಕೆ ಬೀಳುವ ಪಾದದ ಸಪ್ಪಳ ಕೇಳಿ ನಡೆಯುತ್ತಾರೆ. ತಿಂಗಳುಗಟ್ಟಲೆ ತಾಲೀಮು ಮಾಡಿದ ತಂಡದಲ್ಲಿ ಯಾರು ಮೊದಲು ಹೊರಟರು ಎಂದು ಕುಣಿಯುವವರಿಗೇ ಹೇಳಲಾಗದು.

ಹಾಡು ಯಾಕಿಲ್ಲ ಅಂದಿರಲ್ಲ, ಅದಕ್ಕೂ ಇದೇ ಉತ್ತರ. ಹಾಡು ಹಾಕಿದರೆ ಎಂಟೂ ಮಂದಿ ಹಾಡಿಗೆ ಕಿವಿಗೊಡುತ್ತಾರೆ. ತೆಗೆದರೆ ಒಬ್ಬರಿಗೊಬ್ಬರು ಕಿವಿಗೊಡದೆ ಗತ್ಯಂತರವಿಲ್ಲ. ವ್ಯಕ್ತಿ ಮತ್ತು ಗುಂಪು ಎಂಬ ವಸ್ತು ಇಟ್ಟುಕೊಂಡ ನೃತ್ಯಕ್ಕೆ ಅದೇ ಬೇಕಾಗಿರುವುದು. ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನ್ನಿಂಗ್‌ಹ್ಯಾಮ್ ಮತ್ತು ಸಂಗೀತಗಾರ ಜಾನ್ ಕೇಜ್ ಕಳೆದ ಶತಮಾನದ ನಡುವಿನಲ್ಲೇ ನೃತ್ಯವನ್ನೂ ಸಂಗೀತವನ್ನೂ ಬೇರೆ ಬೇರೆಯಾಗಿ ಕಟ್ಟಿ, ಪ್ರದರ್ಶನದಲ್ಲಷ್ಟೇ ಎರಡನ್ನೂ ಎದುರುಬದುರು ಮಾಡಿದ್ದರು. ಕುಣಿತ ತಾಳದ ಆಳಾಗಿರಬೇಕಿಲ್ಲ ಎಂಬ ಧೈರ್ಯ ಬಂದದ್ದು ಹಾಗೆ.

ಬೂದು ಬಟ್ಟೆಯ ಗುಟ್ಟು ತಿರುವುಮುರುವಾದದ್ದು. ಎಲ್ಲರೂ ಒಂದೇ ಥರ ಕಾಣಲೆಂದು ಅದನ್ನು ತೊಡಿಸುವುದಿಲ್ಲ. ಬಟ್ಟೆ ಒಂದೇ ಆದಾಗ ನಡಿಗೆಯ ವ್ಯತ್ಯಾಸ ಎದ್ದು ಕಾಣುತ್ತದೆ: ಒಬ್ಬಳ ಹಿಮ್ಮಡಿ ಭಾರ, ಒಬ್ಬನ ಎಡ ಭುಜ ಇಳಿದಿದೆ, ಇನ್ನೊಬ್ಬಳು ತಲೆ ಮುಂದೆ ಚಾಚಿ ನಡೆಯುತ್ತಾಳೆ. ಬಣ್ಣಬಣ್ಣದ ಬಟ್ಟೆಯಿದ್ದರೆ ನೀವು ಅವರನ್ನು ಬಣ್ಣದಿಂದ ಗುರುತಿಸುತ್ತಿದ್ದಿರಿ, ಮೈಯಿಂದಲ್ಲ.

ನಿಮ್ಮ ಕಡೆ ಬಿಳಿಜೋಳ ಹಾಲುಗಾಳಾಗುವ ಹೊತ್ತಿಗೆ ಮಧ್ಯ ಏಷ್ಯಾದ ಕಡೆಯಿಂದ ಗುಲಾಬಿ ಕಬ್ಬಕ್ಕಿಗಳ ಹಿಂಡು ಬಂದು ಹೊಲದ ಮೇಲೆರಗುವುದು ನಿಮಗೆ ಹೊಸದಲ್ಲ. ರೈತ ಕವಣೆ ಬೀಸಿದ ಕೂಡಲೇ ಇಡೀ ಹಿಂಡು ಮೇಲೆದ್ದು, ಆಕಾಶದಲ್ಲಿ ಒಮ್ಮೆ ಮಡಚಿಕೊಂಡು, ಪಕ್ಕದ ಹೊಲಕ್ಕೆ ಇಳಿಯುತ್ತದೆ. ಅದೇ ಕುಟುಂಬದ ಇನ್ನೊಂದು ಕಬ್ಬಕ್ಕಿಯ ಹಿಂಡುಗಳನ್ನು ರೋಮ್ ನಗರದ ಮೇಲೆ ಫೋಟೊ ತೆಗೆದು ಅಭ್ಯಾಸ ಮಾಡಿದ ಇಟಲಿಯ ವಿಜ್ಞಾನಿಗಳು 2008ರಲ್ಲಿ ಒಂದು ಸ್ವಾರಸ್ಯದ ಸಂಗತಿ ಪ್ರಕಟಿಸಿದರು. ಸಾವಿರಾರು ಹಕ್ಕಿಗಳ ಹಿಂಡಿನಲ್ಲಿ ಪ್ರತಿ ಹಕ್ಕಿಯೂ ಲಕ್ಷ್ಯ ಇಡುವುದು ತನ್ನ ಹತ್ತಿರದ 6-7 ಹಕ್ಕಿಗಳ ಮೇಲೆ ಮಾತ್ರ. ಮುಖಂಡ ಹಕ್ಕಿಯ ಅಪ್ಪಣೆ ಇಲ್ಲದೆಯೇ ಹಿಂಡು ತಿರುಗುತ್ತದೆ. ನೃತ್ಯದ ತರಬೇತಿಯಲ್ಲಿ ಹಕ್ಕಿಹಿಂಡಿನ ಆಟ ಎಂದೇ ಒಂದು ಅಭ್ಯಾಸವಿದೆ. ಅದನ್ನು ಮುಂದೆ ಹೇಳುತ್ತೇನೆ, ನಿಮ್ಮ ಮಗಳಿಗೆ ಬೇಕಾಗುತ್ತದೆ.

ಇನ್ನು ಅರ್ಥದ ಪ್ರಶ್ನೆ. ಗುಂಪು ಅಂದರೆ ಸಮಾಜ, ಹೊರಬಂದವಳು ಬಂಡಾಯಗಾರ್ತಿ. ಈ ಓದು ತಪ್ಪೆಂದು ಹೇಳಲಾರೆ, ಆದರೆ ಬಹಳ ಹಳೆಯದು, ಮತ್ತು ಅದನ್ನು ಹಿಡಿದು ಕೂತರೆ ನೀವು ರಂಗದ ಮೇಲಿನ ಎಂಟು ಜನರಲ್ಲಿ ಏಳು ಜನರನ್ನು ನೋಡುವುದೇ ಇಲ್ಲ.

1913ರ ಮೇ 29ರಂದು ಪ್ಯಾರಿಸ್ಸಿನಲ್ಲಿ ವಾಸ್ಲಾವ್ ನಿಜಿನ್‌ಸ್ಕಿ ಸಂಯೋಜಿಸಿದ ‘ವಸಂತ ಬಲಿ’ಯ ಮೊದಲ ಪ್ರದರ್ಶನವಾಯಿತು. ಸಂಗೀತ ಸ್ಟ್ರಾವಿನ್‌ಸ್ಕಿಯದು. ಒಂದು ಬುಡಕಟ್ಟು ವಸಂತ ಬರಲೆಂದು ತಮ್ಮಲ್ಲೊಬ್ಬ ಕನ್ಯೆಯನ್ನು ಆರಿಸುತ್ತದೆ, ಆಕೆ ಸಾಯುವವರೆಗೆ ಕುಣಿಯಬೇಕು. ನೋಡುವವರು ಎಷ್ಟು ಗದ್ದಲ ಎಬ್ಬಿಸಿದರೆಂದರೆ ವಾದ್ಯಗಳೇ ಕೇಳದಾಗಿ, ನಿಜಿನ್‌ಸ್ಕಿ ರಂಗದ ಬದಿಯಲ್ಲಿ ನಿಂತು ನರ್ತಕರಿಗೆ ಎಣಿಕೆ ಕೂಗಬೇಕಾಯಿತಂತೆ. ಬೆಳಗಾವಿಯಲ್ಲಿ ನಿಮ್ಮ ಪಕ್ಕದವರು ಗೊಣಗಿದ್ದು ಅದರ ಮುಂದೆ ಏನೂ ಅಲ್ಲ ಬಿಡಿ. 1975ರಲ್ಲಿ ಜರ್ಮನಿಯ ವುಪರ್ಟಾಲ್‌ನಲ್ಲಿ ಪೀನಾ ಬೌಶ್ ಅದೇ ಸಂಗೀತಕ್ಕೆ ಹೊಸದಾಗಿ ನೃತ್ಯ ಕಟ್ಟಿದರು. ಇಡೀ ರಂಗಕ್ಕೆ ಮಣ್ಣು ಹಾಸಿಸಿದರು, ಕುಣಿಯುತ್ತ ಕುಣಿಯುತ್ತ ನರ್ತಕರ ಬೆವರಿಗೆ ಆ ಮಣ್ಣು ಮೆತ್ತಿಕೊಳ್ಳುತ್ತದೆ. ಒಂದು ಕೆಂಪು ಬಟ್ಟೆಯಿದೆ. ಅದು ಯಾರ ಪಾಲಿಗೆ ಬರುತ್ತದೋ ಆಕೆಯೇ ಬಲಿ. ಹೆಂಗಸರು ಅದನ್ನು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತಾರೆ. ಹಿಡಿದವಳ ಕೈ ನಡುಗುತ್ತದೆ, ದಾಟಿಸಿದ ಮೇಲೆ ಮೈ ಸಡಿಲಾಗುತ್ತದೆ, ಮರುಕ್ಷಣವೇ ಆ ಸಡಿಲಾದದ್ದಕ್ಕೆ ನಾಚಿಕೆ. ನನ್ನ ಮಟ್ಟಿಗೆ ಆ ಕೃತಿಯ ಜೀವ ಇರುವುದು ಕೊನೆಯ ಬಲಿ ಕುಣಿತದಲ್ಲಲ್ಲ, ಬಲಿಯಾಗದೆ ಉಳಿದ ಆ ಹೆಂಗಸರಲ್ಲಿ. ಅವರನ್ನು ‘ಸಮಾಜ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ಇದಿಷ್ಟೂ ಕೈತಪ್ಪುತ್ತದೆ.

ಗುಂಪು ಎಂದರೆ ಯಾವಾಗಲೂ ಕೆಡುಕು ಎಂದೂ ಇಲ್ಲ. 1935ರಲ್ಲಿ ಅಮೆರಿಕದ ಡೋರಿಸ್ ಹಂಫ್ರಿ ಒಂದು ನೃತ್ಯ ಕಟ್ಟಿದರು; ಅದರ ಕೊನೆಯ ಭಾಗದಲ್ಲಿ ಗುಂಪಿನಿಂದ ಒಬ್ಬೊಬ್ಬರೇ ಎದ್ದು ಬಂದು ತಮ್ಮ ಕುಣಿತ ಕುಣಿದು ಮತ್ತೆ ಒಳಗೆ ಸೇರುತ್ತಾರೆ. ಅಲ್ಲಿ ಗುಂಪು ಯಾರನ್ನೂ ನುಂಗುವುದಿಲ್ಲ, ಸರದಿಯ ಮೇಲೆ ಎಲ್ಲರಿಗೂ ಜಾಗ ಕೊಡುತ್ತದೆ. ಹಂಫ್ರಿಗೆ ಅದು ಹೇಗಿರಬೇಕಾದ ಲೋಕವೋ ಅದರ ಚಿತ್ರ. ಅದರ ಮರುವರ್ಷವೇ ಜರ್ಮನಿಯಲ್ಲಿ ಬೇರೊಂದು ನಡೆಯಿತು. ರುಡೋಲ್ಫ್ ಲಾಬಾನ್ ಎಂಬಾತ ವರ್ಷಗಳಿಂದ ಸಾಮಾನ್ಯ ಜನರನ್ನು, ನರ್ತಕರಲ್ಲದವರನ್ನು ಕೂಡಿಸಿ ದೊಡ್ಡ ದೊಡ್ಡ ಚಲನೆಯ ಮೇಳಗಳನ್ನು ಕಟ್ಟುತ್ತಿದ್ದ. ಹಿಟ್ಲರ್ ಸರ್ಕಾರದ ಕೆಲಸವನ್ನೂ ಒಪ್ಪಿಕೊಂಡಿದ್ದ. 1936ರ ಬರ್ಲಿನ್ ಒಲಿಂಪಿಕ್ಸಿನ ಹೊತ್ತಿಗೆ ಸಾವಿರದಷ್ಟು ಜನರ ಒಂದು ಮೇಳ ಸಿದ್ಧಪಡಿಸಿದ. ಅಂತಿಮ ತಾಲೀಮು ನೋಡಲು ಬಂದ ಮಂತ್ರಿ ಗೋಬೆಲ್ಸ್ ಅದನ್ನು ಅಲ್ಲಿಗೇ ರದ್ದು ಮಾಡಿದ. ಸಾವಿರ ಜನ ಒಟ್ಟಿಗೆ ಕೈ ಎತ್ತುವುದರ ಬಗ್ಗೆ ಆ ಸರ್ಕಾರಕ್ಕೆ ತಕರಾರಿರಲಿಲ್ಲ, ಅದು ಅವರಿಗೆ ಬೇಕೇ ಬೇಕಿತ್ತು. ಯಾರಿಗಾಗಿ ಎತ್ತುತ್ತಿದ್ದಾರೆ ಎಂಬುದು ತಮ್ಮ ಹಿಡಿತದಲ್ಲಿರಬೇಕಿತ್ತು. ಎರಡನೇ ಮಹಾಯುದ್ಧದ ನಂತರ ಪಶ್ಚಿಮದ ನೃತ್ಯ ಸಂಯೋಜಕರು ಎಲ್ಲರೂ ಒಂದೇ ಹೆಜ್ಜೆ ಹಾಕುವುದನ್ನು ಅನುಮಾನದಿಂದ ನೋಡತೊಡಗಿದ್ದಕ್ಕೆ ಇಂಥ ನೆನಪುಗಳೂ ಕಾರಣ. ನಿಮ್ಮ ಹಿರಿಯರಿಗೆ ಪಿ.ಟಿ. ನೆನಪಾದದ್ದು ಇದಕ್ಕೇ: ಆ ಅನುಮಾನವನ್ನು ಇಂದಿನ ನೃತ್ಯ ತನ್ನೊಳಗೇ ಇಟ್ಟುಕೊಂಡಿದೆ.

ಈಗ ನೀವು ನೋಡಿದ ಕೃತಿಗೆ ಬರೋಣ. ನಾನು ಅದನ್ನು ನೋಡಿಲ್ಲ, ನೀವು ಬರೆದದ್ದನ್ನೇ ನಂಬಿ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಖಾಲಿ ಜಾಗದ್ದು. ಆ ಹುಡುಗಿ ಹೊರಹೋದಾಗ ಉಳಿದವರು ಸಾಲನ್ನು ಒತ್ತಾಗಿಸಿಕೊಳ್ಳಲಿಲ್ಲ. ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟುಕೊಂಡೇ ನಡೆದರು, ತಿರುವಿನಲ್ಲೂ. ಇದು ಮಾಡಲು ಎಷ್ಟು ಕಷ್ಟವೆಂದು ನಿಮ್ಮ ಮಗಳು ತಾನೇ ಮಾಡಿದಾಗ ತಿಳಿಯುತ್ತದೆ. ಮನುಷ್ಯರ ಸಾಲು ತಾನಾಗಿ ಒತ್ತಾಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ನೋಡಿ. ಇಲ್ಲದವರ ಅಳತೆಯನ್ನು ಮೈಯಲ್ಲಿ ಹಿಡಿದಿಟ್ಟುಕೊಂಡು ನಡೆಯಬೇಕಾದರೆ, ಮುಂದಿನವನೂ ಹಿಂದಿನವಳೂ ಕ್ಷಣಕ್ಷಣಕ್ಕೂ ಆಕೆಯನ್ನು ನೆನೆಯುತ್ತಿರಬೇಕು.

ಅಂದರೆ ಆ ಗುಂಪು ಮೊದಲೆರಡು ಸಲ ಆಕೆಯನ್ನು ಹೊರಗೆ ತಳ್ಳಿರಲಿಲ್ಲ. ಕಾಯುತ್ತಿತ್ತು. ಅವಳು ತನ್ನಷ್ಟಕ್ಕೆ ಕುಣಿದದ್ದು, ಬಿದ್ದದ್ದು ಸಾಧ್ಯವಾದದ್ದೇ ತಿರುಗಿ ಹೋಗಲು ಜಾಗವಿತ್ತೆಂದು. ಮೂರನೆಯ ಸಲ ಜಾಗ ಮುಚ್ಚಿತು. ಯಾರು ಮುಚ್ಚಿದರು, ಯಾವಾಗ? ಮುಂದಿನವನು ಹೆಜ್ಜೆ ನಿಧಾನ ಮಾಡಿದನೋ, ಹಿಂದಿನವಳು ಜೋರು ಮಾಡಿದಳೋ? ಒಮ್ಮೆಲೇ ಮುಚ್ಚಿತೋ, ಸುತ್ತು ಸುತ್ತಿಗೂ ಅರ್ಧ ಗೇಣು ಕಿರಿದಾಗುತ್ತ ಬಂತೋ? ಇದನ್ನು ನೀವು ಬರೆದಿಲ್ಲ. ನಿಮ್ಮ ಕಣ್ಣು ಹೊರಗೆ ಕುಣಿಯುತ್ತಿದ್ದವಳ ಮೇಲಿತ್ತು, ಎಲ್ಲರ ಕಣ್ಣೂ ಅಲ್ಲೇ ಇರುತ್ತದೆ, ಸಂಯೋಜಕರಿಗೂ ಅದು ಗೊತ್ತಿರುತ್ತದೆ. ಗೊತ್ತಿದ್ದೇ ನಿಜವಾದ ಘಟನೆಯನ್ನು ಹಿಂದಿನ ಸಾಲಿನಲ್ಲಿ ನಡೆಸುತ್ತಾರೆ. ನಿಮ್ಮ ಮಗಳು ಬಹುಶಃ ಆ ಕಡೆ ನೋಡುತ್ತಿದ್ದಳು. ಬೀಳುವುದು ಆಕೆಗೆ ದುಃಖದ ಸಂಗತಿಯಾಗಿ ಕಾಣಲಿಲ್ಲ, ಬಿದ್ದವಳು ಏಳಬಹುದು. ಅವಳು ಅತ್ತದ್ದಕ್ಕೆ ನನಗೆ ತೋಚುವ ಕಾರಣ ಇದು. ಬೇಕಾದರೆ ಅವಳನ್ನೇ ಕೇಳಿ, ಆದರೆ ‘ಯಾಕ ಅತ್ತಿ?’ ಎಂದು ಕೇಳಬೇಡಿ. ‘ಆ ಜಾಗ ಯಾವಾಗ ಮುಚ್ಚಿತು, ನೀ ನೋಡಿದೇನು?’ ಎಂದು ಕೇಳಿ. ಉತ್ತರ ಉದ್ದ ಬರುತ್ತದೆ.

ಹಾಗಾಗಿ ಮುಂದೆ ಇಂಥದ್ದನ್ನು ನೋಡಲು ಹೋದಾಗ ಒಂದು ಕೆಲಸ ಮಾಡಿ. ಒಬ್ಬರು ಗುಂಪು ಬಿಟ್ಟು ಹೊರಬಂದ ಕೂಡಲೇ ನಿಮ್ಮ ಕಣ್ಣನ್ನು ಬಲವಂತವಾಗಿ ಗುಂಪಿನ ಮೇಲೆ ಇಡಿ. ಅವರು ತಲೆ ತಿರುಗಿಸುತ್ತಾರೋ ಇಲ್ಲವೋ, ಹೆಜ್ಜೆಯ ವೇಗ ಬದಲಾಗುತ್ತದೋ ಇಲ್ಲವೋ, ಯಾರಾದರೊಬ್ಬರ ಉಸಿರು ಮಾತ್ರ ತಪ್ಪುತ್ತದೋ ನೋಡಿ. 2017ರಲ್ಲಿ ಲಂಡನ್ನಿನ ರಾಯಲ್ ಬ್ಯಾಲೆಗಾಗಿ ಕ್ರಿಸ್ಟಲ್ ಪೈಟ್ ನಿರಾಶ್ರಿತರ ಬಗ್ಗೆ ಸಂಯೋಜಿಸಿದ ನೃತ್ಯದಲ್ಲಿ 36 ನರ್ತಕರಿದ್ದಾರೆ. ಉದ್ದನೆಯ ಕೋಟು ತೊಟ್ಟು ಸಾಲಾಗಿ ಸರಿಯುತ್ತಾರೆ. ಒಬ್ಬ ತಾಯಿಯ ದುಃಖಕ್ಕೆ ಅಲ್ಲಿ ಜಾಗ ಸಿಗುತ್ತದೆ, ಆದರೆ ಸಾಲು ನಿಲ್ಲುವುದಿಲ್ಲ. ಸಾಲಿನಲ್ಲಿರುವವರು ಕಲ್ಲುಮನಸ್ಸಿನವರೆಂದಲ್ಲ, ಅವರೂ ಎಲ್ಲಿಗೋ ಹೋಗಬೇಕಾಗಿದೆ. ಸಾಲಿನವರ ಈ ಪಾಡೂ ಕಂಡಾಗಲೇ ಕೃತಿ ಪೂರ್ತಿ ಕಾಣುತ್ತದೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಬಂದ ದಾರಿ ಬೇರೆ. ಯುರೋಪಿನಲ್ಲಿ ಬ್ಯಾಲೆಯ ಹಿಂದಿನ ಸಾಲಿನಲ್ಲಿ ಒಂದೇ ಥರ ನಿಂತವರು ತಮ್ಮ ಸ್ವಂತ ಮೈಯನ್ನು ಹುಡುಕಿಕೊಂಡು ಹೊರಬರಬೇಕಾಯಿತು. ನಮ್ಮಲ್ಲಿ ಭರತನಾಟ್ಯದ ನರ್ತಕಿ ಮೊದಲಿನಿಂದಲೂ ಒಬ್ಬಳೇ. ಅವಳೇ ನಾಯಕಿ, ಅವಳೇ ಸಖಿ, ಅವಳೇ ಕೃಷ್ಣ, ಇಡೀ ಗೋಕುಲವೂ ಅವಳೇ. ಬಾದಾಮಿಯ ಮೊದಲ ಗುಹೆಯ 18 ಕೈಗಳ ನಟರಾಜನನ್ನು ನೀವು ನೋಡಿರುತ್ತೀರಿ. ಒಂದು ಗುಂಪಿಗೆ ಆಗುವಷ್ಟು ಕೈ ಒಂದೇ ಮೈಗೆ. ಹಾಗಾಗಿ ನಮ್ಮ ಶಾಸ್ತ್ರೀಯ ನೃತ್ಯ ಕಲಿತವರಿಗೆ ಕಷ್ಟವಾದದ್ದು ಒಂಟಿಯಾಗಿ ನಿಲ್ಲುವುದಲ್ಲ, ಇನ್ನೊಬ್ಬರ ಪಕ್ಕದಲ್ಲಿ ನಿಲ್ಲುವುದು. ನರ್ತಕ ಉದಯ ಶಂಕರ್ 1930ರ ದಶಕದ ಕೊನೆಯಲ್ಲಿ ಅಲ್ಮೋರಾದಲ್ಲಿ ಕೇಂದ್ರ ಕಟ್ಟಿ ಗುಂಪು ನೃತ್ಯವನ್ನು ಗಂಭೀರವಾಗಿ ತೆಗೆದುಕೊಂಡರು. ಕೂಲಿಯಾಳು ಮತ್ತು ಯಂತ್ರದ ಬಗ್ಗೆ ಅವರದೊಂದು ಕೃತಿಯಲ್ಲಿ ಮನುಷ್ಯರ ಗುಂಪೇ ಯಂತ್ರದ ಭಾಗಗಳಾಗುತ್ತದೆ. 1985ರಲ್ಲಿ ಚೆನ್ನೈನ ನೃತ್ಯ ಸಂಯೋಜಕಿ ಚಂದ್ರಲೇಖಾ ‘ಆಂಗಿಕ’ದಲ್ಲಿ ಭರತನಾಟ್ಯ, ಕಳರಿಪಯಟ್ಟು, ಯೋಗ ಕಲಿತ ಮೈಗಳನ್ನು ಒಂದೇ ನೆಲದ ಮೇಲೆ ತಂದರು. ಕಥೆ, ದೇವರು, ಆಭರಣ ಎಲ್ಲ ತೆಗೆದಿಟ್ಟು ಅಡವು, ಅಂದರೆ ಮೂಲ ಹೆಜ್ಜೆ-ಚಲನೆ ಮಾತ್ರ ಉಳಿಸಿಕೊಂಡರು. ಬೆಂಗಳೂರಿನಲ್ಲಿ 1992ರಲ್ಲಿ ಶುರುವಾದ ಅಟ್ಟಕ್ಕಲರಿ ಎಂಬ ನೃತ್ಯ ಸಂಸ್ಥೆಯಿಂದಾಗಿ ಕರ್ನಾಟಕದ ಒಂದು ತಲೆಮಾರಿಗೆ ಈ ಬಗೆಯ ತರಬೇತಿಯ ಪರಿಚಯವಾಯಿತು.

ಇಷ್ಟು ದೂರ ಯಾಕೆ, ನಿಮ್ಮ ಊರ ಜಾತ್ರೆಯಲ್ಲೇ ಈ ನೋಟದ ಪಾಠ ಆಗಿರುತ್ತದೆ, ಲಕ್ಷ್ಯ ಇಟ್ಟಿರುವುದಿಲ್ಲ ಅಷ್ಟೇ. ಗೀಗೀ ಪದದ ಮೇಳ ನೆನಪಿಸಿಕೊಳ್ಳಿ. ಮುಂದೆ ದಪ್ಪು ಹಿಡಿದವರು ಸಾಲು ಹಾಡುತ್ತಾರೆ, ಹಿಂದೆ ತುಂತುಣಿ, ತಾಳ ಹಿಡಿದವರು ಸಾಲಿನ ಕೊನೆಗೆ ‘ಗೀಗೀ’ ಎಂದು ಎತ್ತಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಮುಂದಿನವರು ಉಸಿರು ತೆಗೆದುಕೊಳ್ಳುತ್ತಾರೆ. ಸವಾಲು-ಜವಾಬು ನಡೆದಿದ್ದರೆ ಎದುರಿನ ಮೇಳಕ್ಕೆ ಕೊಡಬೇಕಾದ ಉತ್ತರ ಹೊಳೆಯಬೇಕಾದದ್ದೂ ಆ ಹೊತ್ತಿನಲ್ಲೇ. ಹಿಮ್ಮೇಳ ಒಂದು ಕ್ಷಣ ತಡವಾದರೆ ಎಂಥ ಪ್ರಚಂಡ ಹಾಡುಗಾರ್ತಿಯೂ ತಬ್ಬಿಬ್ಬಾಗುತ್ತಾಳೆ. ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲೂ ಅಷ್ಟೇ. ಕುಲಗೋಡ ತಮ್ಮಣ್ಣನವರ ಪದಗಳನ್ನು ಕೌಜಲಗಿ ನಿಂಗಮ್ಮನವರು ಹಾಡುತ್ತಿದ್ದ ಕಾಲದ ಮಾತು ಹಿರಿಯರು ಇನ್ನೂ ಆಡುತ್ತಾರೆ. ಆದರೆ ಸತ್ಯಭಾಮೆ ಎಷ್ಟೇ ಬೆಳಗಿದರೂ ಭಾಗವತ ಎದುರು ನಿಂತು ಕೆಣಕದಿದ್ದರೆ, ಹಿಮ್ಮೇಳ ಪದ ಎತ್ತಿಕೊಳ್ಳದಿದ್ದರೆ ಆಟ ನಡೆಯದು. ಮೊಹರಂನಲ್ಲಿ ಹಲಗೆಯ ನಾದಕ್ಕೆ ಹೆಜ್ಜೆ ಹಾಕುವ ಮೇಳದಲ್ಲಿ ಹುರುಪು ಬಂದವನೊಬ್ಬ ಸಾಲು ಬಿಟ್ಟು ತನ್ನದೇ ನಾಲ್ಕು ಹೆಜ್ಜೆ ಹಾಕಿ ಬರುತ್ತಾನೆ. ಯಾರೂ ಅವನನ್ನು ಬಂಡಾಯಗಾರ ಅನ್ನುವುದಿಲ್ಲ.

ಆದರೆ ಇವೆರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಜಾತ್ರೆಯ ಮೇಳಕ್ಕೆ ದೇವರಿದ್ದಾನೆ, ಹರಕೆಯಿದೆ, ಸುತ್ತ ನಿಂತವರೂ ಮೇಳದವರೇ. ಅಲ್ಲಿ ಸಾಲು ಬಿಟ್ಟವನಿಗೆ ತಿರುಗಿ ಜಾಗ ಸಿಗುತ್ತದೋ ಇಲ್ಲವೋ ಎಂಬ ಅಂಜಿಕೆ ಇಲ್ಲ. ರಂಗಮಂದಿರದ ನೃತ್ಯ ಹುಟ್ಟುವುದೇ ಆ ಅಂಜಿಕೆಯಿಂದ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಕಾಲೇಜು ಕಾರ್ಯಕ್ರಮಗಳಲ್ಲಿ ಡೊಳ್ಳಿನ ನಾಲ್ಕು ಹೆಜ್ಜೆ, ಕೋಲಾಟದ ನಾಲ್ಕು ಹೆಜ್ಜೆ, ಮೇಲೊಂದು ಸಿನಿಮಾ ಹಾಡು, ಬಣ್ಣದ ಎಲ್‌ಇಡಿ ದೀಪ ಕೂಡಿಸಿ ‘ಫ್ಯೂಷನ್’ ಎನ್ನುವ ಚಟವೊಂದು ಬಂದಿದೆ. ಅದರಲ್ಲಿ ಡೊಳ್ಳೂ ಕೆಡುತ್ತದೆ, ಹೊಸದೂ ಹುಟ್ಟುವುದಿಲ್ಲ. ನಿಮ್ಮ ಮಗಳು ಮೇಳಗಳಿಂದ ಹೆಜ್ಜೆ ತೆಗೆದುಕೊಳ್ಳುವುದು ಬೇಡ. ಹಿಮ್ಮೇಳದವರು ಕಾಯುವ ರೀತಿಯನ್ನು ತೆಗೆದುಕೊಳ್ಳಲಿ.

ಹೂಂ ಅನ್ನಿ. ಶುರು ಮಾಡುವುದು ಹೀಗೆ.

ವಿಷಯದಿಂದ ಶುರು ಮಾಡಬಾರದು. ‘ಹೆಣ್ಣಿನ ಶೋಷಣೆ’, ‘ಮೊಬೈಲ್ ಯುಗದ ಒಂಟಿತನ’ ಎಂದು ಹೆಸರಿಟ್ಟುಕೊಂಡು ಕೂತರೆ ಮೊದಲ ದಿನವೇ ಎಲ್ಲರೂ ಹಣೆ ಮೇಲೆ ಕೈ ಇಟ್ಟು ಅಳುವ ನಟನೆ ಶುರು ಮಾಡುತ್ತಾರೆ. ನಡಿಗೆಯಿಂದ ಶುರು ಮಾಡಲಿ. ಆರೇಳು ಜನ ಸಾಕು. ಒಂದು ಖಾಲಿ ಕೋಣೆ, ಎಲ್ಲರೂ ಬೇಕಾದ ದಿಕ್ಕಿಗೆ ನಡೆಯಬೇಕು, ಎಲ್ಲೂ ಗುಂಪಾಗದಂತೆ, ಎಲ್ಲೂ ಖಾಲಿ ಉಳಿಯದಂತೆ. ಸನ್ನೆಯಿಲ್ಲದೆ ಎಲ್ಲರೂ ಒಟ್ಟಿಗೆ ನಿಲ್ಲಬೇಕು, ಒಟ್ಟಿಗೆ ಹೊರಡಬೇಕು. ಮೊದಲು ನಗು ಬರುತ್ತದೆ. ಬರಲಿ. ನಗು ಮುಗಿದ ಮೇಲೆ ಒಬ್ಬಳು ಮಾತ್ರ ನಿಲ್ಲುವುದು, ಉಳಿದವರು ನಡೆಯುವುದು. ಆಮೇಲೆ ಒಬ್ಬಳು ಮಾತ್ರ ನಡೆಯುವುದು, ಉಳಿದವರು ನಿಲ್ಲುವುದು. ಇಷ್ಟರಲ್ಲೇ ನೋಡುವವರಿಗೆ ಕಥೆ ಕಾಣಲು ಶುರುವಾಗುತ್ತದೆ, ಯಾರೂ ನಟಿಸದಿದ್ದರೂ.

ಹಕ್ಕಿಹಿಂಡಿನ ಆಟ ಇದಾದ ಮೇಲೆ. ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಹತ್ತಿರ ಹತ್ತಿರ ನಿಲ್ಲಬೇಕು, ಮುಂದೆ ಒಬ್ಬಳು ಇರುವಂತೆ. ಅವಳು ನಿಧಾನವಾಗಿ ಚಲಿಸಿದಂತೆ ಉಳಿದವರು ಅದನ್ನೇ ಮಾಡಬೇಕು. ಅವಳು ತಿರುಗಿದ ಕೂಡಲೇ ಆ ದಿಕ್ಕಿನಲ್ಲಿ ಮುಂದೆ ಯಾರಿದ್ದಾರೋ ಅವರು ಮುಂದಾಳು. ಮುಂದಾಳ್ತನ ಕೈ ಬದಲಾದದ್ದು ನೋಡುವವರಿಗೆ ಗೊತ್ತಾಗದಿದ್ದರೆ ಗೆದ್ದಂತೆ. ಬೇಗ ಬೇಗ ಮಾಡುವ ಆಸೆ ಬರುತ್ತದೆ, ತಡೆಯಬೇಕು.

ಇನ್ನು ಚಲನೆ. ಪ್ರತಿಯೊಬ್ಬಳೂ ತಾನು ದಿನಾ ಮಾಡುವ ಒಂದು ಕೆಲಸವನ್ನು ಆರಿಸಿಕೊಳ್ಳಲಿ. ರೊಟ್ಟಿ ಬಡಿಯುವುದು, ಜಡೆ ಹೆಣೆಯುವುದು, ಬಸ್ಸಿನ ಕಂಬಿ ಹಿಡಿದು ಜೋಲಿ ತಪ್ಪದಂತೆ ನಿಲ್ಲುವುದು, ಏನಾದರೂ. ಅದನ್ನು ಎಂಟು ಎಣಿಕೆಗೆ ಹೊಂದಿಸಿ, ಕೈಯಲ್ಲಿನ ವಸ್ತು ತೆಗೆದುಹಾಕಿ, ಮೈಯ ಲಯ ಮಾತ್ರ ಉಳಿಸಿಕೊಳ್ಳಬೇಕು. ನಂತರ ಒಬ್ಬಳದನ್ನು ಉಳಿದವರೆಲ್ಲ ಕಲಿಯಬೇಕು, ಅಂದಾಜಿನಲ್ಲಲ್ಲ, ಅವಳ ಭುಜ ಎಲ್ಲಿ ಇಳಿಯುತ್ತದೋ ಅಲ್ಲೇ ಇಳಿಯುವಂತೆ. ಎಲ್ಲರೂ ಒಟ್ಟಿಗೆ ಮಾಡಿದಾಗ ಆ ಏಕತೆ ಪಿ.ಟಿ.ಯ ಏಕತೆಯಾಗಿರುವುದಿಲ್ಲ: ಏಳು ಮೈಗಳಲ್ಲಿ ಒಬ್ಬ ಹುಡುಗಿ ಇರುತ್ತಾಳೆ. ಆಮೇಲೆ ಆ ಹುಡುಗಿಯೇ ಸಾಲು ಬಿಟ್ಟು ಹೋಗಲಿ. ಅವಳ ಚಲನೆ ಅವಳಿಲ್ಲದೆ ಮುಂದುವರಿಯುತ್ತದೆ. ನಾನು ಹೇಳಿಕೊಡುವುದು ಇಲ್ಲಿಯವರೆಗೆ ಮಾತ್ರ. ಇದಾದ ಮೇಲೆ ಏನಾಗಬೇಕೆಂದು ಆ ಏಳು ಜನರೇ ಜಗಳವಾಡಿ ತೀರ್ಮಾನಿಸಬೇಕು.

ಒಬ್ಬರ ಮೇಲೆ ಒಬ್ಬರು ಭಾರ ಹಾಕುವುದು, ಎತ್ತುವುದು, ಬೀಳುವುದು ಎಲ್ಲ ನೋಡಿ ಕಲಿಯುವಂಥದ್ದಲ್ಲ. ಇದಕ್ಕೊಂದು ಶಿಸ್ತಿದೆ. 1972ರಲ್ಲಿ ಸ್ಟೀವ್ ಪ್ಯಾಕ್ಸ್‌ಟನ್ ಎಂಬ ಅಮೆರಿಕದ ನರ್ತಕ ಓಬರ್ಲಿನ್ ಕಾಲೇಜಿನ ಹುಡುಗರನ್ನು ಚಾಪೆಯ ಮೇಲೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಸಿ, ಬೀಳಿಸಿ, ಉರುಳಿಸಿ ಪ್ರಯೋಗ ಮಾಡಿದ. ಮೈ ತಾಗಿಸಿಕೊಂಡು ಭಾರ ಹಂಚಿಕೊಳ್ಳುವ ಒಂದು ನೃತ್ಯ ಪದ್ಧತಿಯೇ ಅದರಿಂದ ಬೆಳೆಯಿತು. ಆತ ಜಪಾನಿನ ಐಕಿಡೋ ಕಲಿತಿದ್ದ, ಬೀಳುವ ವಿದ್ಯೆ ಅಲ್ಲಿಂದ ಬಂದದ್ದು. ಕುಸ್ತಿಯ ಊರಾದ ಜಮಖಂಡಿಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎದುರಿನವನ ಭಾರ ಎಲ್ಲಿದೆ ಎಂದು ಅಂಗೈಯಿಂದಲೇ ತಿಳಿಯುವುದು ನಿಮ್ಮ ಪೈಲ್ವಾನರಿಗೆ ಹಾಲು ಕುಡಿದಷ್ಟು ಸಲೀಸು. ಗರಡಿಯ ವಸ್ತಾದರೊಬ್ಬರು ಒಂದೆರಡು ಸಂಜೆ ಕಾಲೇಜಿಗೆ ಬಂದು ಹುಡುಗಿಯರಿಗೆ ಬೀಳುವುದನ್ನು ಹೇಳಿಕೊಟ್ಟರೆ ಬಹಳ ಒಳ್ಳೆಯದು. ಆಗದಿದ್ದರೆ ಜೂಡೋ ಕಲಿಸುವವರನ್ನು ಕೇಳಿ. ತಲೆ ಒಳಗೆ, ಗದ್ದ ಎದೆಗೆ, ಕೈ ಊರಿ ಬೀಳಬಾರದು, ಭುಜದಿಂದ ಉರುಳಿಕೊಂಡು ಹೋಗಬೇಕು. ಎತ್ತುವಾಗ ತೋಳು ಹಿಡಿದು ಎಳೆಯಬಾರದು, ಸೊಂಟದ ಹತ್ತಿರ ಹಿಡಿಯಬೇಕು, ಪಕ್ಕದಲ್ಲಿ ಇಬ್ಬರು ಕಾಯಲು ನಿಂತಿರಬೇಕು. ಇದು ಗೊತ್ತಿಲ್ಲದೆ ಎತ್ತುವುದೇ ಬೇಡ, ಬೆನ್ನಿಗೆ ಬೆನ್ನು ಕೊಟ್ಟು ಕೂತು ಏಳುವಷ್ಟು ಸಾಕು.

ನೆಲದ ಬಗ್ಗೆ ನೀವೇ ಪ್ರಾಂಶುಪಾಲರ ಹತ್ತಿರ ಮಾತಾಡಿ. ಸಿಮೆಂಟ್ ನೆಲದ ಮೇಲೆ ವಾರಗಟ್ಟಲೆ ಜಿಗಿದರೆ ಮೊಣಕಾಲು, ಮುಂಗಾಲಿನ ಎಲುಬು ಎರಡೂ ನೋಯುತ್ತವೆ. ಜಮಖಾನೆ ಹಾಸಿದರೆ ಅದು ಸರಿದು ಜಾರಿಸುತ್ತದೆ, ಅದು ಇನ್ನೂ ಅಪಾಯ. ಕಬಡ್ಡಿಗೋ ಯೋಗಕ್ಕೋ ಬಳಸುವ ಮ್ಯಾಟು ಕಾಲೇಜಿನಲ್ಲಿದ್ದರೆ ಬೀಳುವ ಅಭ್ಯಾಸವನ್ನೆಲ್ಲ ಅದರ ಮೇಲೆ ಮಾಡಲಿ. ಬರಿಗಾಲು, ಪಂಜಾಬಿ ಡ್ರೆಸ್ಸಿನ ದುಪಟ್ಟಾ ಬೇಡ, ಬಳೆ ತೆಗೆದಿಡಬೇಕು, ಮೊಣಕಾಲಿಗೆ ವಾಲಿಬಾಲ್ ಆಡುವವರು ಹಾಕುವ ಪ್ಯಾಡು. ತಾಲೀಮನ್ನು ಮೇಲಿನ ಮಹಡಿಯಿಂದಲೋ ಮೆಟ್ಟಿಲ ಮೇಲಿಂದಲೋ ಮೊಬೈಲಿನಲ್ಲಿ ಚಿತ್ರಿಸಿಕೊಂಡರೆ ಸಾಲಿನ ನಡುವಿನ ಅಂತರ ಸರಿಯಾಗಿ ಕಾಣುತ್ತದೆ. ಎದುರಿನಿಂದ ತೆಗೆದರೆ ಮುಖ ಮಾತ್ರ ಕಾಣುತ್ತದೆ.

ಗ್ಯಾದರಿಂಗಿನ ಸಭೆ ಇಂಥದ್ದಕ್ಕೆ ಪಳಗಿದ್ದಲ್ಲ. ಹಾಡಿಲ್ಲದ ಮೊದಲ ನಿಮಿಷದಲ್ಲಿ ಹಿಂದಿನ ಬೆಂಚಿನಿಂದ ಸಿಳ್ಳೆ ಬಂದೇ ಬರುತ್ತದೆ. ಅದಕ್ಕೆ ಹುಡುಗಿಯರು ಮೊದಲೇ ಸಿದ್ಧರಾಗಿರಲಿ: ಸಿಳ್ಳೆ ನಿಲ್ಲುವವರೆಗೆ ಕದಲದೆ ನಿಂತು, ನಂತರ ನಡಿಗೆ ಶುರು ಮಾಡಬಹುದು. ಕಾರ್ಯಕ್ರಮದ ಸರದಿಯಲ್ಲಿ ಸಿನಿಮಾ ಡಾನ್ಸಿನ ಬೆನ್ನಿಗೇ ಇದನ್ನು ಇಡಬಾರದು, ಒಂದು ಭಾವಗೀತೆಯೋ ಕವಿತೆ ವಾಚನವೋ ಆದ ಮೇಲೆ ಇರಲಿ ಎಂದು ಅಧ್ಯಾಪಕರಿಗೆ ಹೇಳಿ. ಎಂಟು ನಿಮಿಷ ಸಾಕು, ಹತ್ತಕ್ಕೆ ಹೋಗುವುದು ಬೇಡ. ಮೂರು ನಾಲ್ಕು ವಾರ ಕಳೆದ ಮೇಲೆ ಒಂದು ತಾಲೀಮಿಗೆ ನಿಮ್ಮನ್ನು ಕರೆಯಲು ಹೇಳಿ. ಆ ವಯಸ್ಸಿನವರು ಅಪ್ಪಂದಿರನ್ನು ಕರೆಯಲು ಹಿಂಜರಿಯುತ್ತಾರೆ, ನೀವೇ ಕೇಳಿಕೊಂಡು ಹೋಗಿ. ಹೋದವರು ಮಗಳನ್ನೇ ನೋಡುತ್ತ ಕೂರಬೇಡಿ, ಉಳಿದ ಆರು ಜನರನ್ನೂ ನೋಡಿ. ಯಾರ ಹೆಜ್ಜೆ ಎಲ್ಲಿ ತಡವಾಯಿತು ಎಂದು ಒಬ್ಬರಾದರೂ ಹೊರಗಿನವರು ಹೇಳಿದರೆ ಅವರಿಗೆ ತಿದ್ದಿಕೊಳ್ಳಲು ಅನುಕೂಲ.